ಯುದ್ಧಕಾಲೇ ಶಸ್ತ್ರಾಭ್ಯಾಸ

ಬೇಟೆ ಎಂದೊಡನೆ ನೆನಪಾಗುವುದು ಗುಂಡು ಹಾರುವ ಆ ಒಂದು ಕ್ಷಣ. ಆದರೆ ಸಿಂಹ, ಆನೆ, ಕಾಡುಕೋಣಗಳ ಎದುರು ನಿಂತವನ ಅಳಿವು ಉಳಿವು ಅದಕ್ಕೆ ಎಷ್ಟೋ ಮೊದಲೇ ತೀರ್ಮಾನವಾಗಿರುತ್ತದೆ. ಆಫ್ರಿಕದ ತ್ಸಾವೊ ನದಿಯ ದಡದಲ್ಲಿ 1898ರಲ್ಲಿ ನಡೆದದ್ದೇ ಇದಕ್ಕೆ ಸಾಕ್ಷಿ.

ಬ್ರಿಟಿಷರು ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದ ಕಡೆಗೆ ರೈಲುಹಳಿ ಹಾಕುತ್ತಿದ್ದ ಕಾಲವದು. ಕೆಲಸಕ್ಕೆ ಭಾರತದಿಂದ ಸಾವಿರಾರು ಕೂಲಿಗಳನ್ನು ಹಡಗಿನಲ್ಲಿ ಕರೆದೊಯ್ದಿದ್ದರು. ತ್ಸಾವೊ ಸೇತುವೆಯ ಹೊಣೆ ಹೊತ್ತವನು ಎಂಜಿನಿಯರ್ ಜಾನ್ ಹೆನ್ರಿ ಪ್ಯಾಟರ್ಸನ್. ಅಲ್ಲಿ ಕೇಸರವಿಲ್ಲದ ಎರಡು ಗಂಡು ಸಿಂಹಗಳು ರಾತ್ರಿ ಡೇರೆಗಳಿಗೆ ನುಗ್ಗಿ ಕೂಲಿಗಳನ್ನು ಎಳೆದೊಯ್ಯತೊಡಗಿದವು. ಮುಳ್ಳುಬೇಲಿಗೂ ಬೆಂಕಿಗೂ ಅವು ಜಗ್ಗಲಿಲ್ಲ. ಕೊನೆಗೆ ನೂರಾರು ಜನ ರೈಲು ಹತ್ತಿ ಓಡಿಹೋದರು. ಸುಮಾರು ಮೂರು ವಾರ ಕೆಲಸವೇ ನಿಂತಿತು.

ಡಿಸೆಂಬರ್ ತಿಂಗಳಲ್ಲಿ ಒಂದು ದಿನ ಕೂಲಿಗಳು ತಗಡು ಬಡಿದು ಒಂದು ಸಿಂಹವನ್ನು ಪೊದೆಯಿಂದ ಹೊರಡಿಸಿದರು. ಅದು ಪ್ಯಾಟರ್ಸನ್ ಅಡಗಿದ್ದ ಹುತ್ತದ ಮುಂದೆಯೇ ಬಂದು ನಿಂತಿತು. ಗುರಿ ತಪ್ಪುವಂತೆಯೇ ಇರಲಿಲ್ಲ. ಕುದುರೆ ಎಳೆದರೆ ಬರೀ 'ಟಕ್' ಎಂಬ ಸದ್ದು! ಅಂದು ಆತನ ಕೈಲಿದ್ದದ್ದು ಸ್ನೇಹಿತನಿಂದ ಎರವಲು ಪಡೆದ, ತಾನು ಒಮ್ಮೆಯೂ ಪರೀಕ್ಷಿಸದ ಜೋಡುನಳಿಗೆಯ ಭಾರಿ ಕೋವಿ. ಗಾಬರಿಯಲ್ಲಿ ಎರಡನೆಯ ನಳಿಗೆ ಇರುವುದೂ ತಕ್ಷಣ ಹೊಳೆಯಲಿಲ್ಲ. ಸಿಂಹ ಪೊದೆ ಸೇರಿತು. ಕೋವಿ ದೊಡ್ಡದಿದ್ದರೆ ಸಾಲದು, ಅದು ಕೈಗೆ ಪಳಗಿರಬೇಕು. ಇದು ಮೊದಲ ಪಾಠ.

ಡಿಸೆಂಬರ್ 9ರಂದು ಒಂದು ಸಿಂಹ ಸತ್ತಿತು. ಇಪ್ಪತ್ತು ದಿನಗಳ ನಂತರ ಎರಡನೆಯದಕ್ಕೂ ರಾತ್ರಿ ಗುಂಡು ತಗುಲಿತು. ಬೆಳಗಾದಮೇಲೆ ಪ್ಯಾಟರ್ಸನ್ ರಕ್ತದ ಜಾಡು ಹಿಡಿದು ಹೊರಟ. ಗಾಯಗೊಂಡ ಸಿಂಹ ನೇರ ಮೇಲೆರಗಿ ಬಂತು. ಗುಂಡು ತಗುಲಿ ಬಿದ್ದರೂ ಮತ್ತೆ ಎದ್ದಿತು. ಇನ್ನೊಂದು ಕೋವಿಗೆಂದು ಕೈ ಚಾಚಿದರೆ ಸಹಾಯಕನಿಲ್ಲ. ಕೋವಿಸಮೇತ ಮರ ಹತ್ತಿದ್ದ! ಪ್ಯಾಟರ್ಸನ್ ಕೂಡ ಅದೇ ಮರವನ್ನು ಆಶ್ರಯಿಸಬೇಕಾಯಿತು. ಒಂದು ಗುಂಡು ಸಿಂಹದ ಹಿಂಗಾಲು ಮುರಿದಿತ್ತಾದ್ದರಿಂದ ಆತ ಬದುಕಿದ. ಆ ಸಹಾಯಕನನ್ನು ಹೇಡಿಯೆನ್ನುವುದು ಸುಲಭ. ಆದರೆ ಸಿಂಹ ಎರಗಿದಾಗ ಯಾರು ಎಲ್ಲಿ ನಿಲ್ಲಬೇಕು ಎಂಬುದು ಜೊತೆಗಿರುವ ಪ್ರತಿಯೊಬ್ಬನಿಗೂ ಮೊದಲೇ ರೂಢಿಯಾಗಿರಬೇಕಲ್ಲವೆ? ಇದು ಎರಡನೆಯ ಪಾಠ.

ಮರದಿಂದ ಹಾರಿಸಿದ ಗುಂಡಿಗೆ ಸಿಂಹ ಉರುಳಿತು. ಸತ್ತಿತೆಂದು ಪ್ಯಾಟರ್ಸನ್ ಕೆಳಗಿಳಿದದ್ದೇ ತಡ, ಅದು ಮತ್ತೆ ಎದ್ದು ನುಗ್ಗಿತು! ಇನ್ನೆರಡು ಗುಂಡುಗಳ ನಂತರವೇ ಅದು ಮಲಗಿದ್ದು. ಬಿದ್ದದ್ದೆಲ್ಲ ಸತ್ತಿಲ್ಲ ಎಂಬುದು ಮೂರನೆಯ ಪಾಠ.

ಆ ಸಿಂಹಗಳು ತಿಂದದ್ದು 135 ಜನರನ್ನು ಎಂದು ಪ್ಯಾಟರ್ಸನ್ ಮುಂದೆ ಹೇಳಿದ್ದುಂಟು. ಅವುಗಳ ಚರ್ಮ, ತಲೆಬುರುಡೆ ಈಗ ಶಿಕಾಗೋದ ಫೀಲ್ಡ್ ಮ್ಯೂಸಿಯಂನಲ್ಲಿವೆ. ಅವುಗಳ ರೋಮ ಮತ್ತು ಮೂಳೆಯ ಐಸೊಟೋಪುಗಳನ್ನು ಅಳೆದ ವಿಜ್ಞಾನಿಗಳು 2009ರಲ್ಲಿ ಸುಮಾರು 35 ಎಂದು ಅಂದಾಜು ಮಾಡಿದರು. ಲೆಕ್ಕ ಯಾವುದಾದರೂ ಇರಲಿ, ಸತ್ತವರಲ್ಲಿ ಅನೇಕರು ಹೊಟ್ಟೆಪಾಡಿಗಾಗಿ ಕಡಲು ದಾಟಿದ ನಮ್ಮವರೇ.

ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆ ಬೇಟೆಯ ಕಾಲವನ್ನು ಮುಗಿಸಿತು. ತ್ಸಾವೊ ಇರುವ ಕೀನ್ಯಾ 1977ರಲ್ಲಿ ಬೇಟೆಯನ್ನು ನಿಷೇಧಿಸಿತು. ಟಾಂಜಾನಿಯಾ, ನಮೀಬಿಯಾಗಳಂಥ ದೇಶಗಳಲ್ಲಿ ಪರವಾನಗಿ ಪಡೆದ ಬೇಟೆ ಇಂದಿಗೂ ಉಂಟು. ಅಲ್ಲಿಗೆ ಹೋಗುವವರಿಗೆ ಅನುಭವಿಗಳು ಹೇಳುವುದು ಇವೇ ಹಳೆಯ ಪಾಠಗಳನ್ನು. ಮೂರು ಕೋಲುಗಳ ಆಧಾರದ ಮೇಲೆ ಕೋವಿಯಿಟ್ಟು ಗುರಿ ಹಿಡಿಯುವುದನ್ನು ಮನೆಯಲ್ಲಿದ್ದಾಗಲೇ ಅಭ್ಯಾಸ ಮಾಡಿಕೊಂಡಿರಬೇಕು. ಕೋವಿ ಹಿಂದಕ್ಕೆ ಒದೆಯುವ ಒದೆತಕ್ಕೆ ಭುಜ ಹೊಂದಿಕೊಂಡಿರಬೇಕು. ಇಷ್ಟೇ ಸಾಲದು, ಪ್ರಾಣಿಯ ದೇಹರಚನೆಯೂ ಗೊತ್ತಿರಬೇಕು. ಕಾಡುಕೋಣದ ಹೃದಯ ಎದೆಗೂಡಿನ ತೀರ ಕೆಳಗೆ, ಮುಂಗಾಲುಗಳ ನಡುವೆ ಇರುತ್ತದೆ. ಇದನ್ನರಿಯದೆ ಮೇಲಕ್ಕೆ ಹೊಡೆದರೆ ಗಾಯಗೊಂಡ ಕೋಣ ಪೊದೆ ಸೇರುತ್ತದೆ. ಅದನ್ನು ಹುಡುಕಿಕೊಂಡು ಮುಂದೆ ನಡೆಯುವವನು ಹಣ ಕೊಟ್ಟು ಬಂದ ಬೇಟೆಗಾರನಲ್ಲ. ಜಾಡು ಹಿಡಿಯುವ ಬಡ ಕೂಲಿಯಾಳು.

ಆದ್ದರಿಂದ ಸಿದ್ಧತೆಗಳಲ್ಲೆಲ್ಲ ದೊಡ್ಡದು, ಗುರಿ ಸ್ಪಷ್ಟವಿಲ್ಲದಾಗ ಕೋವಿ ಇಳಿಸುವ ಸಂಯಮ. ಅದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ, ಎರವಲೂ ದೊರೆಯುವುದಿಲ್ಲ.