ನಾಲ್ಕನೆಯ ಒಡೆಯ

ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತನು ಮೊದಲು ಅದರ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಆಮೇಲೆ ಮೈಮೇಲಿನ ಸುಳಿ ನೋಡುತ್ತಾನೆ. ನಾಲ್ಕು ಹೆಜ್ಜೆ ನಡೆಯಿಸಿ ಕಾಲಿನ ಎಳೆತವನ್ನು ಗಮನಿಸುತ್ತಾನೆ. ಇಷ್ಟೆಲ್ಲ ಆದ ಮೇಲೆ ದಲ್ಲಾಳಿಯು ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಬೆಲೆ ಸೂಚಿಸತಕ್ಕದ್ದು. ಸುಳಿಯ ಶಾಸ್ತ್ರದಲ್ಲಿ ನಂಬಿಕೆಯಿಲ್ಲದವರು ಕೂಡ ಹಲ್ಲಿನ ಸಾಕ್ಷ್ಯವನ್ನು ಅಲ್ಲಗಳೆಯಲಾರರು. ಪಶುವು ತನ್ನ ವಯಸ್ಸನ್ನು ಬಾಯಲ್ಲಿಯೇ ಹೊತ್ತು ತಿರುಗುತ್ತದೆ. ಒಡೆಯನು ಸುಳ್ಳಾಡಿದರೂ ಅದು ಸುಳ್ಳಾಡದು. ಮೋಟಾರು ಗಾಡಿಗೆ ಅಂತಹ ಹಲ್ಲಿಲ್ಲ. ಅದು ಓಡಿದ ದೂರವನ್ನು ತೋರಿಸುವ ಮಾಪಕವನ್ನು ಹಿಂದಕ್ಕೆ ತಿರುಗಿಸಬಲ್ಲ ಕೈಗಳು ಪೇಟೆಯಲ್ಲಿ ಇಲ್ಲದಿಲ್ಲ. ಮೈಯ ಬಣ್ಣಕ್ಕೆ ಹೊಳಪು ಕೊಡಲು ಒಂದು ಮಧ್ಯಾಹ್ನ ಸಾಕು. ಅದರ ನಿಜವಾದ ವಯಸ್ಸು ಒಳಗಿನ ಎಣ್ಣೆಯ ಹಾದಿಗಳಲ್ಲಿ ಅಡಗಿರುತ್ತದೆ. ಕೊಳ್ಳುವವನ ಕಣ್ಣು ಅಲ್ಲಿಗೆ ಸುಲಭವಾಗಿ ಹೋಗುವುದಿಲ್ಲ. ಆದುದರಿಂದ ಹಳೆಯ ಗಾಡಿಯನ್ನು ಕೊಳ್ಳುವವನು ಲೋಹದೊಡನೆ, ತಾನು ಕಂಡು ಕೇಳಿ ಅರಿಯದ ಮತ್ತೊಬ್ಬನ ನಡವಳಿಕೆಯನ್ನೂ ಕೊಳ್ಳುತ್ತಾನೆ.

ತೀರ್ಥಹಳ್ಳಿಯ ಕಡೆಯ ನಿವೃತ್ತ ಗಣಿತೋಪಾಧ್ಯಾಯರೊಬ್ಬರು 2021ನೆಯ ಇಸವಿಯಲ್ಲಿ ಕೊಂಡುದು ಇಂತಹುದೇ ಒಂದು ಗಾಡಿಯನ್ನು. 2014ರಲ್ಲಿ ತಯಾರಾದ ಚಿಕ್ಕ ಡೀಸೆಲ್ ಕಾರು; ಮಾಪಕದಲ್ಲಿ ಕಂಡುದು 62,000 ಕಿಲೋಮೀಟರು; ಬೆಲೆ 3,60,000 ರೂಪಾಯಿ. ಮಾರಿದಾತನು ಎರಡನೆಯ ಒಡೆಯ, ಮೇಷ್ಟರು ಮೂರನೆಯವರಾದರು. ಹೊಸದನ್ನೇ ಕೊಳ್ಳೋಣವೆಂದರೆ, 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ಎಂಬ ಹೊಗೆಯ ನಿಯಮಗಳು ಜಾರಿಗೆ ಬಂದ ಮೇಲೆ ಚಿಕ್ಕ ಡೀಸೆಲ್ ಕಾರುಗಳು ಅಂಗಡಿಗಳಿಂದ ಹೆಚ್ಚು ಕಡಮೆ ಮಾಯವಾಗಿದ್ದುವು. ಮೇಷ್ಟರಿಗಾದರೋ ಡೀಸೆಲ್ಲೇ ಬೇಕಾಗಿತ್ತು. ಮಗಳ ಮನೆ ಉಡುಪಿಯಲ್ಲಿ. ನಡುವೆ ಆಗುಂಬೆಯ ಘಟ್ಟ. “ಟರ್ಬೋ ಇದೆ ಸ್ವಾಮಿ, ಘಟ್ಟದಲ್ಲಿ ಆನೆಯ ಹಾಗೆ ಹತ್ತುತ್ತದೆ” ಎಂದು ಮಾರಿದಾತನು ಹೇಳಿದ ಮಾತು ಸುಳ್ಳಾಗಿರಲಿಲ್ಲ. ಹನ್ನೊಂದು ತಿಂಗಳವರೆಗೆ ಅದು ಹಾಗೆಯೇ ಹತ್ತಿತು.

ಟರ್ಬೋ ಎಂಬುದು ಕಮ್ಮಾರನ ತಿದಿಯ ವಂಶಕ್ಕೆ ಸೇರಿದ ಉಪಕರಣ. ಇಂಜಿನು ಹೊರಕ್ಕೆ ಉಗುಳುವ ಬಿಸಿ ಹೊಗೆಯು ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಮತ್ತೊಂದು ತುದಿಯಲ್ಲಿರುವ ಚಕ್ರವು ಹೊರಗಿನ ಗಾಳಿಯನ್ನು ಸೆಳೆದು, ಒತ್ತಿ, ಇಂಜಿನಿನೊಳಕ್ಕೆ ತುಂಬುತ್ತದೆ. ಗಾಳಿ ಹೆಚ್ಚಾದರೆ ಹೆಚ್ಚು ಇಂಧನ ಉರಿಯಬಲ್ಲುದು. ಚಿಕ್ಕ ಇಂಜಿನಿಗೆ ದೊಡ್ಡದರ ಬಲ ಬರುವುದು. ವ್ಯರ್ಥವಾಗಿ ಹೋಗುವ ಹೊಗೆಯನ್ನೇ ದುಡಿಮೆಗೆ ಹಚ್ಚುವ ಜಾಣತನವಿದು. ಆದರೆ ಜಾಣತನಕ್ಕೂ ತೆರಿಗೆಯುಂಟು. ಚಿಕ್ಕ ಕಾರುಗಳಲ್ಲಿ ಆ ದಂಡವು ನಿಮಿಷಕ್ಕೆ 2 ಲಕ್ಷ ಸುತ್ತುಗಳ ಆಸುಪಾಸಿಗೆ ಹೋಗುವುದುಂಟು. ಅದನ್ನು ತಿರುಗಿಸುವ ಹೊಗೆಯ ಶಾಖ 700 ಡಿಗ್ರಿ ಸೆಂಟಿಗ್ರೇಡನ್ನು ಮೀರುವುದುಂಟು. ಅಂತಹ ವೇಗದಲ್ಲಿ ಲೋಹಕ್ಕೆ ಲೋಹ ತಗಲಿದರೆ ಎರಡೂ ಉಳಿಯವು. ಆದಕಾರಣ ಆ ದಂಡವು ಎಣ್ಣೆಯ ಪೊರೆಯೊಂದರ ಮೇಲೆ ತೇಲಿಕೊಂಡು ತಿರುಗುತ್ತದೆ. ಆ ಪೊರೆಯ ದಪ್ಪ ಕೂದಲೆಳೆಗಿಂತ ಕಡಮೆ. ಗಾಡಿಯಲ್ಲಿ ಕುಳಿತವರ ಪ್ರಯಾಣವೆಲ್ಲ ಈ ಪೊರೆಯನ್ನು ನಂಬಿಕೊಂಡಿರುತ್ತದೆಯೆಂಬುದು ಅವರಿಗೆ ತಿಳಿದಿರುವುದಿಲ್ಲ.

2022ರ ಮೇ ತಿಂಗಳ ಒಂದು ಸಂಜೆ ಮೇಷ್ಟರೂ ಅವರ ಪತ್ನಿಯೂ ಉಡುಪಿಯಿಂದ ಹಿಂದಿರುಗುತ್ತಿದ್ದರು. ಸೋಮೇಶ್ವರವನ್ನು ದಾಟಿ ಘಟ್ಟವನ್ನೇರಲು ತೊಡಗಿ, ಕೆಲವು ತಿರುವುಗಳು ಕಳೆದ ಮೇಲೆ, ಗಾಡಿಯ ಬಲ ಒಮ್ಮೆಗೇ ಕುಸಿಯಿತು. ಮೊದಲು ಒಂದು ಸಣ್ಣ ಕೂಗು, ಆಮೇಲೆ ಹಿಂದುಗಡೆ ನೀಲಿ ಬಿಳುಪು ಮಿಶ್ರವಾದ ದಟ್ಟ ಹೊಗೆ. ಮೇಷ್ಟರು ಅಂಚಿಗೆ ಸರಿಸಿ ಗಾಡಿಯನ್ನು ನಿಲ್ಲಿಸಿದರು. ಕಾಲು ತೆಗೆದರೂ ಇಂಜಿನು ಇಳಿಯಲಿಲ್ಲ, ತಾನಾಗಿಯೇ ಏರತೊಡಗಿತು. ಬೀಗದ ಕೈಯನ್ನು ತಿರುಗಿಸಿ ಹೊರಗೆ ತೆಗೆದರು. ಇಂಜಿನು ಮತ್ತಷ್ಟು ಅಬ್ಬರಿಸಿತು. ಕೈಯಲ್ಲಿ ಬೀಗದ ಕೈ, ಎದುರಿಗೆ ನಿಲ್ಲಲೊಲ್ಲದ ಯಂತ್ರ; ನಲವತ್ತು ವರುಷ ಗಣಿತ ಹೇಳಿದ ಮನುಷ್ಯನಿಗೆ ಇದಕ್ಕಿಂತ ಅಸಂಬದ್ಧವಾದ ಸಮಸ್ಯೆ ಎದುರಾಗಿರಲಾರದು. ಪತ್ನಿಯನ್ನು ಇಳಿಸಿ ದೂರ ನಿಲ್ಲಿಸಿದರು.

ಇದರಲ್ಲಿ ಭೂತಚೇಷ್ಟೆಯೇನೂ ಇರಲಿಲ್ಲ. ಡೀಸೆಲ್ ಇಂಜಿನಿನಲ್ಲಿ ಕಿಡಿ ಹೊತ್ತಿಸುವ ಏರ್ಪಾಡಿಲ್ಲ. ಒತ್ತಿದ ಗಾಳಿಯ ಕಾವಿಗೇ ಇಂಧನ ಉರಿಯುತ್ತದೆ. ಬೀಗದ ಕೈ ತೆಗೆದರೆ ನಿಲ್ಲುವುದು ತೊಟ್ಟಿಯಿಂದ ಬರುವ ಡೀಸೆಲ್ ಮಾತ್ರ. ಟರ್ಬೋದ ದಂಡ ಸಡಿಲವಾಗಿ, ಎಣ್ಣೆಯನ್ನು ತಡೆಯುವ ಉಂಗುರಗಳು ಸವೆದು, ಇಂಜಿನಿನ ಎಣ್ಣೆಯೇ ಗಾಳಿಯೊಡನೆ ಒಳಕ್ಕೆ ನುಗ್ಗಿದರೆ, ಯಂತ್ರವು ಅದನ್ನೇ ಉರಿಸಿಕೊಂಡು ಓಡುತ್ತದೆ. ತನ್ನ ರಕ್ತವನ್ನು ತಾನೇ ಕುಡಿದು ಬದುಕಿದಂತೆ. ಗಾಳಿ ನಿಲ್ಲಬೇಕು, ಇಲ್ಲವೆ ಎಣ್ಣೆ ತೀರಬೇಕು, ಇಲ್ಲವೆ ಇಂಜಿನು ಮುರಿಯಬೇಕು. ಅಲ್ಲಿಯವರೆಗೆ ಅದಕ್ಕೆ ವಿರಾಮವಿಲ್ಲ.

ಹಿಂದೆ ಬಂದ ಮಿನಿ ಬಸ್ಸಿನ ಚಾಲಕನಿಗೆ ಈ ವಿದ್ಯೆ ಗೊತ್ತಿತ್ತು. ಆತನು ಓಡಿ ಬಂದು, ಒಳಗೆ ಕುಳಿತು, ಗಾಡಿಯನ್ನು ಐದನೆಯ ಗೇರಿಗೆ ಹಾಕಿ, ಬ್ರೇಕನ್ನು ಬಲವಾಗಿ ತುಳಿದು, ಕ್ಲಚ್ಚನ್ನು ತಟ್ಟನೆ ಬಿಟ್ಟನು. ಗಾಡಿ ಒಮ್ಮೆ ನಡುಗಿ ಉಸಿರು ಕಟ್ಟಿ ನಿಂತಿತು. ಕಾಡಿನ ಕೀಟಗಳ ಸದ್ದು ಮತ್ತೆ ಕೇಳಿಸಿತು. “ತಿರುವಿನಲ್ಲಿ ಆಗಲಿಲ್ಲವಲ್ಲ, ದೊಡ್ಡದು” ಎಂದಷ್ಟೇ ಹೇಳಿ ಆತನು ದಂಪತಿಗಳನ್ನು ತನ್ನ ಬಸ್ಸಿನಲ್ಲಿ ಆಗುಂಬೆಗೆ ಮುಟ್ಟಿಸಿದನು.

ಶಿವಮೊಗ್ಗದ ಮಿಸ್ತ್ರಿಯೊಬ್ಬರು ಗಾಡಿಯನ್ನು ಬಿಚ್ಚಿದರು. ಟರ್ಬೋದ ಚಕ್ರದ ರೆಕ್ಕೆಗಳು ಗೂಡಿಗೆ ಉಜ್ಜಿ ಸವೆದಿದ್ದುವು. ಅಷ್ಟಕ್ಕೆ ನಿಲ್ಲದೆ ಅವರು ಇಂಜಿನಿನ ಕೆಳಗಿನ ಎಣ್ಣೆಯ ತಟ್ಟೆಯನ್ನೂ ಇಳಿಸಿದರು. ತಟ್ಟೆಯ ತಳದಲ್ಲಿ ಕಪ್ಪು ಕೀಲಿನಂತಹ ಗಷ್ಟು. ಉಳಿದ ಎಣ್ಣೆಯನ್ನು ಬೆರಳಿನಿಂದ ಸವರಿ ಬಿಸಿಲಿಗೆ ಹಿಡಿದರೆ ಲೋಹದ ಪುಡಿ ಮಿನುಗುತ್ತಿತ್ತು. ಎಣ್ಣೆಯನ್ನು ಹೀರುವ ಜರಡಿ ಅರ್ಧ ಕಟ್ಟಿಕೊಂಡಿತ್ತು. ಟರ್ಬೋಗೆ ಎಣ್ಣೆ ಒಯ್ಯುವ ಸಣ್ಣ ಕೊಳವೆ ಬಹುಮಟ್ಟಿಗೆ ಮುಚ್ಚಿಹೋಗಿತ್ತು. ಇಂಜಿನಿನ ಮುಖ್ಯ ದಂಡದ ಬೇರಿಂಗುಗಳಲ್ಲಿ ಮೇಲುಪದರ ಸವೆದು ಒಳಗಿನ ತಾಮ್ರದ ಬಣ್ಣ ಕಾಣುತ್ತಿತ್ತು. “ಇದು ಟರ್ಬೋದ ರೋಗವಲ್ಲ, ಎಣ್ಣೆಯ ರೋಗ. ನಿಮ್ಮ ಹನ್ನೊಂದು ತಿಂಗಳಲ್ಲಿ ಬಂದದ್ದೂ ಅಲ್ಲ, ವರುಷಗಟ್ಟಲೆ ಯಾರೋ ಎಣ್ಣೆಯನ್ನು ಬದಲಾಯಿಸಿಲ್ಲ” ಎಂದರು ಮಿಸ್ತ್ರಿ. ಗಾಡಿಯ ಸಂಖ್ಯೆಯನ್ನು ಕೊಟ್ಟು ಹಳೆಯ ರಿಪೇರಿಯ ದಾಖಲೆಯನ್ನು ತೆಗೆಸಿ ನೋಡಿದಾಗ, 2018ರಲ್ಲಿಯೇ ಅದು 94,000 ಕಿಲೋಮೀಟರು ಓಡಿದ್ದಿತೆಂದು ತಿಳಿಯಿತು.

ಹೊಸ ಟರ್ಬೋ ಒಂದನ್ನು ಕೂರಿಸಿ ಕಳುಹಿಸಿಬಿಡುವ ಕೆಲಸದ ಮನೆಗಳು ಎಷ್ಟೋ ಇವೆ. ಕೊಳವೆ, ಜರಡಿ, ತಟ್ಟೆಗಳಲ್ಲಿನ ಗಷ್ಟು ಹಾಗೆಯೇ ಉಳಿದಿದ್ದರೆ ಹೊಸದೂ ಹಳೆಯದರ ದಾರಿಯನ್ನೇ ಹಿಡಿಯುವುದು ನಿಶ್ಚಯ. ಕೆಲವು ವೇಳೆ ವಾರಗಳಲ್ಲಿಯೇ ಹಿಡಿಯುವುದುಂಟು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ಮುರಿದುದನ್ನು ಶಿಕ್ಷಿಸಿ ಮುರಿದವರನ್ನು ಬಿಟ್ಟುಬಿಡುವ ಚಿಕಿತ್ಸೆ ಅದು.

ಗಾಡಿ ಬಿಚ್ಚಿಬಿದ್ದಿದ್ದ ದಿನಗಳಲ್ಲಿ ಮೇಷ್ಟರು ತಮ್ಮ ಅಭ್ಯಾಸದಂತೆ ಟರ್ಬೋದ ಪೂರ್ವವೃತ್ತಾಂತವನ್ನು ಓದಿ ತಿಳಿದುಕೊಂಡರು. ಸ್ವಿಟ್ಸರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬ ಇಂಜಿನಿಯರು 1905ರಲ್ಲಿ ಇದಕ್ಕೆ ಹಕ್ಕುಪತ್ರ ಪಡೆಯಲು ಅರ್ಜಿ ಹಾಕಿದನು. 1918ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಎಂಬಾತನು 14,000 ಅಡಿಗಳಿಗೂ ಎತ್ತರವಾದ ಪೈಕ್ಸ್ ಪೀಕ್ ಬೆಟ್ಟದ ಮೇಲಕ್ಕೆ ವಿಮಾನದ ಇಂಜಿನನ್ನು ಸಾಗಿಸಿ, ತೆಳುವಾದ ಗಾಳಿಯಲ್ಲಿ ಅದು ಟರ್ಬೋದ ಸಹಾಯದಿಂದ ಬಲಗುಂದದೆ ನಡೆಯುವುದೆಂದು ತೋರಿಸಿದನು. 1962ರಲ್ಲಿ ಅದೇ ದೇಶದ ಎರಡು ಕಾರುಗಳಿಗೆ ಟರ್ಬೋ ಬಂದಿತು. ಅವುಗಳಲ್ಲೊಂದಾದ ಓಲ್ಡ್ಸ್‌ಮೊಬಿಲ್ ಜೆಟ್‌ಫೈರ್ ಗಾಡಿಯಲ್ಲಿ ಮಿಥನಾಲು ನೀರುಗಳ ಮಿಶ್ರಣವೊಂದನ್ನು ಬೇರೊಂದು ತೊಟ್ಟಿಗೆ ತುಂಬುತ್ತಿರಬೇಕಾಗಿತ್ತು. ಒಡೆಯರಲ್ಲಿ ಅನೇಕರು ತುಂಬಲಿಲ್ಲ. ಕಡೆಗೆ ಟರ್ಬೋವನ್ನೇ ಕಳಚಿ ಸಾಧಾರಣ ಕಾರ್ಬ್ಯುರೇಟರನ್ನು ಕೂರಿಸಿಕೊಡುವ ಏರ್ಪಾಡು ಆಯಿತು. ಯಂತ್ರವನ್ನು ಕಟ್ಟಿದವನ ಬುದ್ಧಿ ಎಷ್ಟು ಸೂಕ್ಷ್ಮವೋ ಇಟ್ಟುಕೊಂಡವನ ಶ್ರದ್ಧೆಯೂ ಅಷ್ಟೇ ಸೂಕ್ಷ್ಮವಾಗಿರಬೇಕೆಂಬುದು ಮೊದಲ ದಿನದಿಂದಲೂ ಅದರ ಷರತ್ತು.

ಇನ್ನು ಹಣದ ಮಾತು. ವಿಮೆಯ ಪತ್ರವನ್ನು ತೆಗೆದು ನೋಡಿದರೆ, ಸವೆತಕ್ಕೂ ಯಂತ್ರದ ಒಳಗಿನ ಕೆಡುಕಿಗೂ ಪರಿಹಾರವಿಲ್ಲವೆಂದು ಸ್ಪಷ್ಟವಾಗಿತ್ತು. ಮಾರಿದಾತನನ್ನು ಕೇಳಿದರೆ, “ನಾನೂ ಹಾಗೆಯೇ ಕೊಂಡದ್ದು ಸ್ವಾಮಿ, ನನಗೇನು ಗೊತ್ತು?” ಎಂದನು, ಅದು ನಿಜವಾಗಿದ್ದರೂ ಇರಬಹುದು. ಮೇಷ್ಟರ ಹಳೆಯ ಶಿಷ್ಯನಾದ ವಕೀಲನು ಪುಸ್ತಕ ತೆರೆದು ತೋರಿಸಿದನು. 1930ರ ಸರಕು ಮಾರಾಟದ ಕಾನೂನಿನ 16ನೆಯ ಕಲಮಿನ ಪ್ರಕಾರ, ಕೆಲವು ಸಂದರ್ಭಗಳನ್ನು ಬಿಟ್ಟು, ಮಾರಿದ ವಸ್ತುವಿನ ಗುಣಕ್ಕೆ ಮಾರಿದವನು ತಾನಾಗಿಯೇ ಹೊಣೆಯಾಗುವುದಿಲ್ಲ, ಕೊಳ್ಳುವವನೇ ಎಚ್ಚರವಾಗಿರಬೇಕು. 1872ರ ಕರಾರು ಕಾನೂನಿನ 17ನೆಯ ಕಲಮು, ತಿಳಿದೂ ತಿಳಿದೂ ಸಂಗತಿಯನ್ನು ಮರೆಮಾಚುವುದನ್ನು ವಂಚನೆಯೆಂದು ಎಣಿಸುತ್ತದೆ. ಆದರೆ ಮಾತನಾಡಲೇಬೇಕಾದ ಕರ್ತವ್ಯವಿಲ್ಲದಿದ್ದಲ್ಲಿ, ಬರಿಯ ಮೌನ ವಂಚನೆಯಾಗದು. ಮಾಪಕವನ್ನು ತಿರುಗಿಸಿದುದು ವಂಚನೆಯೇ. ತಿರುಗಿಸಿದವನು ಮೊದಲನೆಯವನೋ ಎರಡನೆಯವನೋ ಎಂಬುದನ್ನು ಸಾಧಿಸುವುದು ಹೇಗೆ? ವಕೀಲನು ಪುಸ್ತಕ ಮುಚ್ಚಿದನು.

ಮೌನ ವಂಚನೆಯಲ್ಲವೆಂಬ ಆ ಮಾತು ಮೇಷ್ಟರ ಮನಸ್ಸಿನಲ್ಲಿ ನಿಂತಿತು. ಏಕೆಂದರೆ ಅದರ ಉಪಯೋಗವನ್ನು ಪಡೆಯುವ ಸರದಿ ಈಗ ಅವರದಾಗಿತ್ತು. ಗಾಡಿಗಳ ದಲ್ಲಾಳಿಯೊಬ್ಬನು ಬಂದು ಲೆಕ್ಕ ಹೇಳಿದನು. ಹಳೆಯ ಟರ್ಬೋ ಒಂದನ್ನು ದುರಸ್ತಿ ಮಾಡಿ ಕೂರಿಸಲು 28,000 ರೂಪಾಯಿ. ಗಾಡಿ ಮೂರು ತಿಂಗಳು ಚೆನ್ನಾಗಿಯೇ ಓಡುವುದು. ಅಷ್ಟರೊಳಗೆ 3 ಲಕ್ಷಕ್ಕೆ ಕೊಳ್ಳುವವನು ಸಿಕ್ಕುವನು. ಇಂಜಿನನ್ನು ಪೂರಾ ಬಿಚ್ಚಿ, ಬೇರಿಂಗು ಬದಲಿಸಿ, ಎಣ್ಣೆಯ ಹಾದಿಗಳನ್ನೆಲ್ಲ ತೊಳೆದು ಸರಿಪಡಿಸಲು 1,30,000. ಮೇಷ್ಟರ ಬಳಿ ಇದ್ದುದು ಮಳೆಗಾಲಕ್ಕೆ ಮೊದಲು ಮನೆಯ ಹಿಂಬದಿಯ ಮಾಡನ್ನು ಬಿಚ್ಚಿ ಹೊಸದಾಗಿ ಹೊದಿಸಲೆಂದು ಇಟ್ಟಿದ್ದ ಹಣ. ಮಲೆನಾಡಿನಲ್ಲಿ ಮೇ ತಿಂಗಳು ಕಳೆದ ಮೇಲೆ ಮಾಡಿನ ಮಾತು ಮಾತಾಗಿ ಉಳಿಯುವುದಿಲ್ಲವೆಂಬುದು ಅಲ್ಲಿಯವರಿಗೆ ಹೇಳಬೇಕಾಗಿಲ್ಲ.

ದಲ್ಲಾಳಿಯ ಲೆಕ್ಕದಲ್ಲಿ ತಪ್ಪಿರಲಿಲ್ಲ. ಗಣಿತದ ಮೇಷ್ಟರು ಅದನ್ನು ಹಾಳೆಯ ಮೇಲೆ ಎರಡು ಸಾರಿ ಕೂಡಿ ಕಳೆದು ನೋಡಿದರು. ಎರಡು ಸಾರಿಯೂ ಸರಿಯಾಗಿಯೇ ಬಂದಿತು. ಪತ್ನಿ ಹಾಳೆಯನ್ನು ನೋಡಿ, “ಕೊಳ್ಳುವವನಿಗೂ ಘಟ್ಟದ ಕೆಳಗೆ ಯಾರಾದರೂ ಇರುವುದಿಲ್ಲವೆ? ಆ ಹೊತ್ತಿಗೆ ಹಿಂದೆ ಬಸ್ಸು ಬರದೆ ಹೋದರೆ?” ಎಂದರು. ಮತ್ತೆ ಆ ವಿಷಯವನ್ನು ಅವರು ಎತ್ತಲಿಲ್ಲ. ಎತ್ತುವ ಅವಶ್ಯಕತೆಯೂ ಇರಲಿಲ್ಲ. ಮೊದಲನೆಯ ಒಡೆಯನು ಎಣ್ಣೆ ಬದಲಾಯಿಸದೆ ಉಳಿಸಿಕೊಂಡ ಸಾವಿರಗಳು ಎಲ್ಲಿಯೂ ಕರಗಿಹೋಗಿರಲಿಲ್ಲ. ಗಷ್ಟಾಗಿ ಗಟ್ಟಿಕೊಂಡು, ಬಡ್ಡಿ ಬೆಳೆದು, ಮೂರನೆಯವನ ಬಾಗಿಲಿಗೆ ಬಂದಿದ್ದುವು. ದಲ್ಲಾಳಿ ಹೇಳಿದುದು ಆ ಸಾಲವನ್ನು ತೀರಿಸುವ ಉಪಾಯವಲ್ಲ, ಅದನ್ನು ನಾಲ್ಕನೆಯವನ ಹೆಸರಿಗೆ ಬರೆಯುವ ಉಪಾಯ.

ಆ ವರುಷದ ಮಳೆಗಾಲದಲ್ಲಿ ಮೇಷ್ಟರ ಮನೆಯ ಹಿಂಬದಿಯಲ್ಲಿ ಮೂರು ಕಡೆ ಪಾತ್ರೆಗಳನ್ನಿಟ್ಟಿದ್ದರು. ಇಂಜಿನು ಮಾತ್ರ ಪೂರ್ತಿಯಾಗಿ ಬಿಚ್ಚಿ, ತೊಳೆದು, ಹೊಸ ಬೇರಿಂಗು, ಹೊಸ ಕೊಳವೆ, ಹೊಸ ಟರ್ಬೋಗಳೊಡನೆ ಮನೆಗೆ ಬಂದಿತು. ಮಿಸ್ತ್ರಿ ಕೊಟ್ಟ ಉಪದೇಶ ಚಿಕ್ಕದು. ಬೆಳಗ್ಗೆ ಇಂಜಿನು ಎದ್ದ ಕೂಡಲೆ ಗದರಿಸಬಾರದು. ಎಣ್ಣೆ ಮೇಲಕ್ಕೆ ಮುಟ್ಟಲು ಅವಕಾಶ ಕೊಡಬೇಕು. ಘಟ್ಟ ಹತ್ತಿದ ಮೇಲೆ ತಟ್ಟನೆ ಆರಿಸಬಾರದು. ಒಂದೆರಡು ನಿಮಿಷ ಸುಮ್ಮನೆ ನಡೆಯಗೊಟ್ಟರೆ ಕಾದ ದಂಡ ತಣಿಯುವುದು, ಇಲ್ಲವಾದರೆ ನಿಂತ ಎಣ್ಣೆ ಅಲ್ಲಿಯೇ ಸುಟ್ಟು ಕರಿಗಟ್ಟುವುದು. ತಯಾರಕರು ಹೇಳಿದ ಎಣ್ಣೆಯನ್ನೇ, ಅವರು ಹೇಳಿದ ಅವಧಿಗೆ ಮುಂಚೆಯೇ ಬದಲಾಯಿಸಬೇಕು. ಹಳೆಯ ಗಾಡಿ ಕೊಳ್ಳುವವರಿಗೂ ಅವರು ಹೇಳುವುದು ಇಷ್ಟೇ: ತಣ್ಣಗಿರುವಾಗಲೇ ಇಂಜಿನನ್ನು ಎಬ್ಬಿಸಿ ಹೊಗೆ ನೋಡಬೇಕು, ಎಣ್ಣೆ ಹೊಯ್ಯುವ ಮುಚ್ಚಳದ ಅಡಿಯಲ್ಲಿ ಗಷ್ಟಿದೆಯೇ ನೋಡಬೇಕು, ಟರ್ಬೋದಿಂದ ಗಾಳಿ ಹೋಗುವ ಕೊಳವೆಯಲ್ಲಿ ಎಣ್ಣೆ ಮಡುಗಟ್ಟಿದೆಯೇ ನೋಡಬೇಕು, ಮಾಪಕಕ್ಕಿಂತ ರಿಪೇರಿಯ ದಾಖಲೆಗಳನ್ನು ನಂಬಬೇಕು. ಗಾಡಿಗಿರುವ ಹಲ್ಲು ಇವೇ.

ಮೇಷ್ಟರು ಎರಡು ರೂಲಿನ ಒಂದು ನೋಟುಪುಸ್ತಕ ತೆಗೆದು ಮೊದಲ ಪುಟದಲ್ಲಿ ಘಟ್ಟದ ಸಂಗತಿಯನ್ನೂ 94,000ದ ಸಂಗತಿಯನ್ನೂ ಬರೆದರು. ಆಮೇಲಿನ ಪುಟಗಳಲ್ಲಿ ಪ್ರತಿಯೊಂದು ಎಣ್ಣೆ, ಪ್ರತಿಯೊಂದು ಸೋಸುಕ, ತಾರೀಕು, ದೂರ, ಬೆಲೆ. 2024ರಲ್ಲಿ ಕಣ್ಣಿನ ತೊಂದರೆಯಿಂದ ಗಾಡಿ ನಡೆಸುವುದನ್ನು ಬಿಟ್ಟಾಗ ಮಾರಲು ನಿಂತರು. ಮೊದಲು ಬಂದವನು ಮೊದಲ ಪುಟವನ್ನು ಓದಿ ಎದ್ದುಹೋದನು. ಎರಡನೆಯವನು ಅದನ್ನೇ ಹಿಡಿದು ಅರ್ಧಬೆಲೆ ಕೇಳಿದನು. ಮೂರನೆಯವನು ಕೊಪ್ಪದ ಕಡೆಯ ತರುಣ, ಅಡಕೆ ತೋಟದವನು. ಅವನು ಪುಸ್ತಕವನ್ನು ಕಡೆಯವರೆಗೆ ಓದಿ, ಪೇಟೆಯ ಬೆಲೆಗಿಂತ 40,000 ಕಡಮೆ ಹೇಳಿ, ಪುಸ್ತಕವನ್ನು ತನಗೆ ಕೊಡುವುದಾದರೆ ಕೊಳ್ಳುವೆನೆಂದನು. ಮೇಷ್ಟರು ಒಪ್ಪಿದರು.

ಕೆಲವು ತಿಂಗಳ ಮೇಲೆ ಆ ತರುಣನಿಂದ ದೂರವಾಣಿ ಬಂದಿತು. ಎಣ್ಣೆ ಬದಲಾಯಿಸುವ ಹೊತ್ತಾಗಿತ್ತು. ಪುಸ್ತಕದಲ್ಲಿ ಒಂದು ಕಡೆ ಮೇಷ್ಟರ ಅಕ್ಷರ ಓದಲು ಬರುತ್ತಿರಲಿಲ್ಲ. ಅಲ್ಲಿ ಬರೆದಿರುವುದು ಏನೆಂದು ಕೇಳಿದನು. ಮೇಷ್ಟರು ಹೇಳಿದರು. ಅವನು ಅದರ ಕೆಳಗೆ ತನ್ನ ಸಾಲನ್ನು ಬರೆದುಕೊಂಡನು.