ಮನೆಯ ಗುಟ್ಟು

1992ನೆಯ ಇಸವಿ ಏಪ್ರಿಲ್ 8ರಂದು ಆರ್ಥರ್ ಆಶ್ ನ್ಯೂಯಾರ್ಕಿನಲ್ಲಿ ಪತ್ರಿಕಾಕರ್ತರನ್ನು ಕರೆಯಿಸಿ, ತನಗೆ ಏಡ್ಸ್ ರೋಗವಿರುವುದೆಂದು ತಿಳಿಸಿದನು. 1975ರಲ್ಲಿ ವಿಂಬಲ್ಡನ್ನಿನ ಟೆನ್ನಿಸ್ ಪ್ರಶಸ್ತಿಯನ್ನು ಗೆದ್ದ ಮೊದಲನೆಯ ಕರಿಯ ಪುರುಷನೀತನು; ಅಮೆರಿಕದ ನಗರಗಳ ಬಡಮಕ್ಕಳಿಗೆ ಆ ಆಟವನ್ನು ಕಲಿಸಲು 1969ರಲ್ಲಿಯೇ ಮಿತ್ರರೊಡನೆ ಸಂಘ ಕಟ್ಟಿದವನು.

36ನೆಯ ವಯಸ್ಸಿನಲ್ಲಿ ಹೃದಯಾಘಾತವಾದಾಗ ಅದನ್ನು ಆತನು ಮರೆಮಾಚಲಿಲ್ಲ; ಆ ಬೇನೆಯ ವಿಷಯವಾಗಿ ಜನರನ್ನು ಎಚ್ಚರಿಸುವ ಕಾರ್ಯವನ್ನೇ ಕೈಕೊಂಡನು. ಎರಡನೆಯ ರೋಗದ ಮಾತು ಬೇರೆ. 1983ರ ಶಸ್ತ್ರಚಿಕಿತ್ಸೆಯಲ್ಲಿ ಪಡೆದ ರಕ್ತದೊಡನೆ ಅದು ದೇಹವನ್ನು ಹೊಕ್ಕಿತೆಂದು ಎಣಿಸಲಾಯಿತು. ಅಂತಹ ರಕ್ತವನ್ನು ಪರೀಕ್ಷಿಸುವ ಕ್ರಮವು ಬಳಕೆಗೆ ಬಂದುದು 1985ರಲ್ಲಿ. ದೋಷವು ರೋಗಿಯದಲ್ಲ. ಆದರೂ ಹೃದ್ರೋಗಿಗೆ ಮರುಕವನ್ನು ತೋರುವ ಲೋಕವು ಏಡ್ಸ್ ಎಂದೊಡನೆ ಶೀಲವನ್ನು ಶಂಕಿಸುವುದು. ಆದುದರಿಂದ 1988ರಲ್ಲಿ ಸಂಗತಿಯು ತಿಳಿದ ಮೇಲೆ, ಪತಿಪತ್ನಿಯರೂ ಆಪ್ತರೂ ಅದನ್ನು ಮೂರು ವರ್ಷಗಳಿಗೂ ಹೆಚ್ಚುಕಾಲ ಹೊರಗೆಡಹಲಿಲ್ಲ. ಒಂದು ಪತ್ರಿಕೆಯವರು ಸುಳಿವು ಹಿಡಿದು ಪ್ರಶ್ನಿಸಿದ ಮೇಲೆ ಗತ್ಯಂತರವಿರಲಿಲ್ಲ. ಓದುಗರಿಗೆ ಇದರಿಂದಾದ ಉಪಕಾರವೇನೋ, ಆ ಪತ್ರಿಕೆಯವರೇ ಬಲ್ಲರು.

ಅಂದು ಬರೆದು ತಂದ ಹೇಳಿಕೆಯನ್ನು ಆತನು ಸ್ಥಿರವಾಗಿಯೇ ಓದಿದನು. ಐದು ವರ್ಷದ ಮಗಳ ಪ್ರಸ್ತಾಪ ಬಂದಾಗ ಮಾತ್ರ ಗಂಟಲು ಕಟ್ಟಿತು. ಪತ್ನಿ ಜೀನ್ ಎದ್ದು ಬಂದು ಆ ಭಾಗವನ್ನು ತಾನೇ ಓದಿದಳು.

ಉಳಿದ ಹತ್ತು ತಿಂಗಳು ಆತನು ಸುಮ್ಮನಿರಲಿಲ್ಲ. ಏಡ್ಸ್ ನಿವಾರಣೆಗಾಗಿ ನಿಧಿಯನ್ನು ಸ್ಥಾಪಿಸಿದನು; ಹೈಟಿಯ ನಿರಾಶ್ರಿತರ ಪರವಾಗಿ ಶ್ವೇತಭವನದೆದುರು ನಿಂತು ಸೆರೆಯಾದನು. 1993ರ ಫೆಬ್ರವರಿ 6ರಂದು ತೀರಿಕೊಂಡನು. ಆ ದಿನಗಳಲ್ಲಿ ಬರೆದ ಆತ್ಮಕಥೆಯ ಕೊನೆಯ ಅಧ್ಯಾಯವು ಮಗಳಿಗೊಂದು ಕಾಗದ.