ಉಪಸರ್ಗದ ಸಲಿಗೆ

ಹೃ ಎಂಬ ಒಂದೇ ಧಾತುವು ಉಪಸರ್ಗಬಲದಿಂದ ಆಹಾರ, ವಿಹಾರ, ಸಂಹಾರಗಳಾಗುವುದನ್ನು ಬಲ್ಲ ನಮಗೆ, ಇಂಗ್ಲಿಷಿನ 'ಗಿವ್' ಎಂಬ ಕೊಡುವಿಕೆಯು 'ಅಪ್' ಸೇರಿದೊಡನೆ ಕೈಬಿಡುವಿಕೆಯಾದುದು ಸೋಜಿಗವೆನಿಸಲಿಲ್ಲ. ಆದರೆ ಉಪಸರ್ಗವು ಧಾತುವಿಗೆ ಅಂಟಿಯೇ ಇರಬೇಕೆಂಬ ಸಂಸ್ಕೃತದ ಅಭ್ಯಾಸದಿಂದ, ದೀಪವನ್ನು ಆರಿಸೆಂಬರ್ಥದಲ್ಲಿ 'ಟರ್ನ್ ಇಟ್ ಆಫ್' ಎಂದು ಬರೆದ ಬಾಲಕನೊಬ್ಬನ ವಾಕ್ಯವನ್ನು ಕೆಂಪು ಶಾಯಿಯಿಂದ 'ಟರ್ನ್ ಆಫ್ ಇಟ್' ಎಂದು ತಿದ್ದಿದೆವು.

ಅವನದೇ ಸರಿ. ಸರ್ವನಾಮವು ಕರ್ಮವಾದಾಗ ಆ ಎರಡರ ನಡುವೆಯೇ ಕೂರಬೇಕು. 'ಕ್ವಿಕ್ಲಿ' ಎಂಬ ಕ್ರಿಯಾವಿಶೇಷಣವಾದರೋ ಇಂಥ ವಾಕ್ಯದಲ್ಲಿ ಕ್ರಿಯಾಪದಕ್ಕೆ ಮುಂಚೆ ಇಲ್ಲವೆ ಕೊನೆಯಲ್ಲಿ ನಿಂತರೆ ಸೊಗಸು.

ವೇದಭಾಷೆಯಲ್ಲಿ ಉಪಸರ್ಗವು ಧಾತುವಿನಿಂದ ದೂರ ನಿಲ್ಲಬಹುದೆಂದು ಪಾಣಿನಿಯೇ ಸೂತ್ರಿಸಿರುವನು. ಅದನ್ನು ಕಂಠಪಾಠ ಮಾಡಿದ್ದ ನಾವು ಬಾಲಕನಿಗೆ ಆ ಸಲಿಗೆಯನ್ನು ಕೊಡಲಿಲ್ಲ. ಕಳೆದ ಅಂಕವನ್ನು ಇಂದು ಹಿಂದಿರುಗಿಸುವ ಬಗೆ ಕಾಣದು. ತಪ್ಪು ನಮ್ಮದೆಂದು ವಾಚಕರೆದುರು ಒಪ್ಪಿಕೊಳ್ಳುತ್ತೇವೆ.